ನೆಲದಡಿಯಲ್ಲಿ ಹರಿದ ಬಿಸಿನೀರು

ಬಚ್ಚಲುಮನೆಯ ಹಂಡೆಗೆ ಉರಿ ಹಾಕಿದಾಗ ಬೆಂಕಿ ಇರುವುದು ಕೆಳಗೆ. ಆದರೂ ಕೈಯಿಟ್ಟು ನೋಡಿದರೆ ಮೊದಲು ಬಿಸಿ ತಾಗುವುದು ಮೇಲಿನ ನೀರು. ಕಾದ ನೀರು ಹಗುರವಾಗಿ ಮೇಲೇರುತ್ತದೆ. ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ಈ ಸರಳ ನಿಯಮವನ್ನೇ ಆಧರಿಸಿ ಶೀತದೇಶಗಳ ಜನ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಮನೆಯನ್ನು ಬೆಚ್ಚಗಿಡಲು ಕಲಿತರು. ಹಿಮ ಬೀಳುವ ನಾಡಿನಲ್ಲಿ ಮನೆಯ ಬಿಸಿ ಕೇವಲ ಸುಖದ ಮಾತಲ್ಲ, ಜೀವದ ಮಾತು. ಸಿರಿವಂತರ ಸೊತ್ತಾಗಿದ್ದ ಆ ಬಿಸಿ, ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುವ ಸಾಮಾನ್ಯನವರೆಗೆ ಹೇಗೆ ಬಂದಿತು?

ಪ್ರಾಚೀನ ರೋಮನ್ನರು ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನೆಲವನ್ನು ನಿಲ್ಲಿಸಿ, ಅದರಡಿಯಲ್ಲಿ ಒಲೆಯ ಬಿಸಿಗಾಳಿ ಹಾಯಿಸುತ್ತಿದ್ದರು. ಸ್ನಾನಗೃಹಗಳಿಗೂ ಶ್ರೀಮಂತರ ಮನೆಗಳಿಗೂ ಈ ಏರ್ಪಾಡು ಇತ್ತು. ಒಲೆಗೆ ಸೌದೆ ಒಟ್ಟುವ ಕೆಲಸ ಗುಲಾಮರದಾಗಿತ್ತು. ಕೊರಿಯಾದಲ್ಲಿ ಅಡುಗೆ ಒಲೆಯ ಹೊಗೆಯನ್ನೇ ಕಲ್ಲುನೆಲದ ಕೆಳಗೆ ಹಾಯಿಸುವ ‘ಒಂಡೋಲ್’ ಪದ್ಧತಿ ಬೆಳೆಯಿತು.

ಗಾಳಿಯ ಬದಲು ನೀರನ್ನು ಬಳಸಿದವರಲ್ಲಿ ಫ್ರಾನ್ಸಿನ ಬೊನ್‌ಮೆಯ್ನ್ ಮುಖ್ಯನು. 1777ರಲ್ಲಿ ಅವನು ಕೊಳವೆಗಳಲ್ಲಿ ಬಿಸಿನೀರು ಸುತ್ತಾಡಿಸಿದ್ದು ಮನುಷ್ಯರಿಗಾಗಿ ಅಲ್ಲ, ಕೋಳಿಮೊಟ್ಟೆಗಳಿಗೆ ಕಾವು ಕೊಡುವುದಕ್ಕಾಗಿ! ಒಂದು ಲೀಟರ್ ನೀರು ಅಷ್ಟೇ ಗಾತ್ರದ ಗಾಳಿಗಿಂತ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಶಾಖವನ್ನು ಹೊರಬಲ್ಲದು. ಆದ್ದರಿಂದಲೇ ಸಣ್ಣ ಕೊಳವೆಯೊಂದು ದೊಡ್ಡ ಕೋಣೆಯನ್ನು ಕಾಯಿಸಬಲ್ಲದು. 1850ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಫ್ರಾಂಜ್ ಸ್ಯಾನ್ ಗಾಲಿ ಎರಕದ ಕಬ್ಬಿಣದ ರೇಡಿಯೇಟರನ್ನು ರೂಪಿಸಿದನು. ಆದರೆ ಭಾರವಾದ ಕಬ್ಬಿಣದ ಕೊಳವೆಗಳನ್ನು ಕೊಯ್ದು, ತಿರುಪು ಕೊರೆದು ಜೋಡಿಸುವುದು ನುರಿತ ಕುಶಲಕರ್ಮಿಯ ಕೆಲಸವಾಗಿಯೇ ಉಳಿಯಿತು.

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಟೋಕಿಯೋದಲ್ಲಿ ಕೊರಿಯನ್ ಪದ್ಧತಿಯ ಕೋಣೆಯೊಂದರ ಬಿಸಿನೆಲವನ್ನು ಕಂಡು ಬೆರಗಾದನು. 1937ರಲ್ಲಿ ಮ್ಯಾಡಿಸನ್ ನಗರದಲ್ಲಿ ಪೂರ್ಣಗೊಂಡ ಜೇಕಬ್ಸ್ ದಂಪತಿಗಳ ಮನೆಯಲ್ಲಿ ಅವನು ಕಾಂಕ್ರೀಟು ನೆಲದಡಿಯಲ್ಲೇ ಕೊಳವೆ ಹಾಕಿಸಿದನು. ಆ ಮನೆಗೆ ತಗಲಿದ ವೆಚ್ಚ ಸುಮಾರು 5,500 ಡಾಲರ್. 1947ರಿಂದ ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್‌ನಲ್ಲಿ ಎದ್ದ ಸಾವಿರಾರು ಅಗ್ಗದ ಮನೆಗಳಿಗೂ, ಕಾಂಕ್ರೀಟಿನಲ್ಲಿ ಹೂತ ತಾಮ್ರದ ಕೊಳವೆಗಳಿಂದ ಬಿಸಿ ಬಂದಿತು. ಕಾಲಕ್ರಮದಲ್ಲಿ ಅನೇಕ ಮನೆಗಳ ಕೊಳವೆಗಳು ಸೋರತೊಡಗಿದವು. ಗೋಡೆಯ ಕೊಳವೆ ಸೋರಿದರೆ ಕಣ್ಣಿಗೆ ಬೀಳುತ್ತದೆ. ನೆಲದೊಳಗಿನದು ಸೋರಿದರೆ ನೆಲವನ್ನೇ ಒಡೆಯಬೇಕು.

ಈ ತೊಡಕಿಗೆ ಉತ್ತರ ದೊರೆತದ್ದು ರಸಾಯನಶಾಸ್ತ್ರದಿಂದ. ಸಾಮಾನ್ಯ ಪಾಲಿಎಥಿಲೀನ್ ಬಿಸಿನೀರಿಗೆ ಮೆತ್ತಗಾಗುತ್ತದೆ. 1968ರಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ಅದರ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ವಿಧಾನವನ್ನು ಕಂಡುಹಿಡಿದನು. ಸುರುಳಿಯಾಗಿ ಬರುವ ಈ ಕೊಳವೆಯನ್ನು ಕೈಯಿಂದಲೇ ಬಾಗಿಸಿ, ನೆಲದಡಿಯಲ್ಲಿ ಒಂದು ಬೆಸುಗೆಯೂ ಇಲ್ಲದಂತೆ ಹಾಸಬಹುದಾಯಿತು. ಆದರೂ ಹೊಸ ತೊಂದರೆಯೊಂದು ತಲೆದೋರಿತು: ಗಾಳಿಯ ಆಮ್ಲಜನಕ ಪ್ಲಾಸ್ಟಿಕ್ಕಿನ ಮೂಲಕ ನುಸುಳಿ ಬಾಯ್ಲರಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿತು. ಮುಂದೆ ಕೊಳವೆಗೆ ಆಮ್ಲಜನಕವನ್ನು ತಡೆಯುವ ತೆಳುಪದರವನ್ನು ಸೇರಿಸಲಾಯಿತು.

ಹೀಗೆ ಇಂದು ಆ ದೇಶಗಳಲ್ಲಿ ಸ್ವಂತ ಮನೆ ಕಟ್ಟುವವನು ತಾನೇ ಕೊಳವೆ ಹಾಸಬಲ್ಲನು. ಆದರೆ ಇತಿಹಾಸ ಕಲಿಸಿದ ಪಾಠಗಳನ್ನು ಅವನು ಮರೆಯುವಂತಿಲ್ಲ. ಕಾಂಕ್ರೀಟು ಸುರಿಯುವ ಮೊದಲೇ ಕೊಳವೆಯಲ್ಲಿ ಒತ್ತಡ ತುಂಬಿ, ಮಾಪಕದ ಮುಳ್ಳು ಇಳಿಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. 4 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ನೀರು ಶೇಕಡಾ 4ರಷ್ಟು ಹಿಗ್ಗುತ್ತದೆ; ಆ ಹಿಗ್ಗುವಿಕೆಗೆ ಎಡೆಕೊಡುವ ತೊಟ್ಟಿಯೂ, ಅಧಿಕ ಒತ್ತಡವನ್ನು ಹೊರಬಿಡುವ ಕವಾಟವೂ ಇರಲೇಬೇಕು. ಬಾಯ್ಲರಿನ ಜೋಡಣೆಯನ್ನಂತೂ ಬಲ್ಲವರಿಗೇ ಬಿಡಬೇಕು.

ನೀರಿನ ನಿಯಮ ಎಂದೂ ಬದಲಾಗಲಿಲ್ಲ, ಬದಲಾದದ್ದು ಕೊಳವೆ. ಆ ಕೊಳವೆ ಹಗುರವಾದಾಗ, ಗುಲಾಮನ ಬೆವರಿನಿಂದ ಬೆಚ್ಚಗಾಗುತ್ತಿದ್ದ ನೆಲ ಸಾಮಾನ್ಯನ ಸ್ವಂತ ಕೈಗೆ ಎಟುಕಿತು.