ಕಾಷ್ಠಮಂಡಪದ ಈಶಾನ್ಯ ಸ್ತಂಭ

ನೇಪಾಳದ ರಾಜಧಾನಿಗೆ ಕಠ್ಮಂಡು ಎಂಬ ಹೆಸರು ಬಂದುದು ಒಂದು ಮರದ ಮಂಟಪದಿಂದ. ಕಾಷ್ಠಮಂಡಪವೆಂಬ ಆ ಕಟ್ಟಡವು ಮೂಲತಃ ಅರಮನೆಯಲ್ಲ, ದೇಗುಲವೂ ಅಲ್ಲ. ಟಿಬೆಟ್ಟಿಗೂ ಭಾರತಕ್ಕೂ ನಡುವೆ ಸಂಚರಿಸುತ್ತಿದ್ದ ವರ್ತಕರು, ಯಾತ್ರಿಕರು ತಂಗಿಹೋಗುತ್ತಿದ್ದ ಧರ್ಮಛತ್ರ. ಕಾಲಾಂತರದಲ್ಲಿ ಅಲ್ಲಿ ಗೋರಖನಾಥರ ಮೂರ್ತಿ ನೆಲೆಗೊಂಡಿತು. ನಾಥಯೋಗಿಗಳ ಮನೆತನಗಳು ಬಹುಕಾಲ ಅಲ್ಲಿಯೇ ಬಾಳಿದವು. ಇಡೀ ಮಂಟಪವನ್ನು ಒಂದೇ ವೃಕ್ಷದಿಂದ ಕಟ್ಟಿದರೆಂಬುದು ಜನಜನಿತವಾದ ಕಥೆ. ಕಥೆ ಹೇಗೇ ಇರಲಿ, ಅದರ ಭಾರವನ್ನು ಮುಖ್ಯವಾಗಿ ಹೊತ್ತಿದ್ದುದು ನಡುವಣ ನಾಲ್ಕು ಮಹಾಸ್ತಂಭಗಳು.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಈ ಮಂಟಪವು ನೆಲಕ್ಕುರುಳಿತು. ಆ ಹೊತ್ತಿನಲ್ಲಿ ಒಳಗೆ ರಕ್ತದಾನ ಶಿಬಿರ ನಡೆಯುತ್ತಿದ್ದುದರಿಂದ ಹಲವರು ಅಸುನೀಗಿದರು. ಹಳೆಯ ಮರ, ಮಣ್ಣಿನ ಗಾರೆಯ ಅಡಿಪಾಯ, ಇವುಗಳಿಂದಲೇ ಅನಾಹುತವಾಯಿತೆಂದು ಭಾವಿಸಿದವರು ಉಂಟು. ಉಕ್ಕನ್ನು ಬಳಸಿ ಮರಳಿ ಕಟ್ಟುವ ಯೋಜನೆಯೂ ಹೊರಟಿತು.

ಉತ್ಖನನವು ಬೇರೆಯದನ್ನೇ ನುಡಿಯಿತು. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿದ್ವಾಂಸರೂ ನೇಪಾಳದ ಪುರಾತತ್ತ್ವಜ್ಞರೂ ಕೂಡಿ ನೆಲವನ್ನು ಅಗೆದು ನೋಡಿದಾಗ ಇಟ್ಟಿಗೆಯ ಅಡಿಪಾಯ ದೃಢವಾಗಿಯೇ ಇದ್ದಿತು. ಕಟ್ಟಡವು 12ನೆಯ ಶತಮಾನದ್ದೆಂದು ಅದುವರೆಗೆ ನಂಬಿದ್ದರು. ಅಡಿಪಾಯವಾದರೋ 7ನೆಯ ಶತಮಾನದಷ್ಟು ಪ್ರಾಚೀನವೆಂದು ತಿಳಿದುಬಂದಿತು. ಮಹಾಸ್ತಂಭಗಳ ಅಡಿಯಲ್ಲಿ ಒಂದೊಂದು ಪೀಠಶಿಲೆ. ಕಂಬದ ಬುಡದಲ್ಲಿ ಕೆತ್ತಿದ ಗೂಟವು ಆ ಶಿಲೆಯ ಕುಳಿಯಲ್ಲಿ ಕೂರಬೇಕು. ನಡುವಿನ ತಾಮ್ರದ ತಗಡು ತೇವವನ್ನು ತಡೆಯಬೇಕು. ಭೂಮಿ ನಡುಗಿ ಕಂಬ ತೂಗಾಡಿದರೂ ಅದು ಜಾರದಂತೆ ಹಿಡಿಯುವುದು ಈ ಗೂಟವೇ. ಈಶಾನ್ಯ ಸ್ತಂಭಕ್ಕೆ ಮಾತ್ರ ಆ ಆಸರೆ ಇರಲಿಲ್ಲ. ಅದರ ಗೂಟ ಇಲ್ಲವಾಗಿತ್ತು. 1960ರ ದಶಕದ ಜೀರ್ಣೋದ್ಧಾರದಲ್ಲಿ ಪೀಠಶಿಲೆಯನ್ನು ಮುಚ್ಚಿ ನೆಲಹಾಸು ಹಾಸಿ, ಕಂಬವನ್ನು ಅದರ ಮೇಲೆ ಸುಮ್ಮನೆ ನಿಲ್ಲಿಸಿಬಿಟ್ಟಿದ್ದರು! ಶತಮಾನಗಳ ಹಿಂದಿನ ಶಿಲ್ಪಿಯ ಮೇಲೆ ಹೊರಿಸಿದ ದೋಷವು ಹೀಗೆ ನಮ್ಮ ಕಾಲದವರ ಪಾಲಿಗೆ ಬಂದಿತು. ಕಂಬದಡಿಯ ಕಲ್ಲನ್ನು ಮುಚ್ಚಿ ನುಣುಪಾದ ನೆಲ ಹಾಕಿಸುವುದೇ ಜೀರ್ಣೋದ್ಧಾರವೆಂಬ ಭ್ರಮೆ ನಮ್ಮ ತೊಟ್ಟಿಮನೆಗಳ ಒಡೆಯರಲ್ಲಿಯೂ ಇಲ್ಲದಿಲ್ಲ.

ಉಕ್ಕಿನ ಯೋಜನೆಯನ್ನು ಕಠ್ಮಂಡುವಿನ ನಾಗರಿಕರು ಒಪ್ಪಲಿಲ್ಲ. ಅವರ ಪಟ್ಟಿನಿಂದಾಗಿ ಮರ, ಇಟ್ಟಿಗೆ, ಮಣ್ಣುಗಳ ಸಾಂಪ್ರದಾಯಿಕ ಕ್ರಮದಲ್ಲಿ, ಆ ಪ್ರಾಚೀನ ಅಡಿಪಾಯದ ಮೇಲೆಯೇ, ಮಂಟಪವು ಮತ್ತೆ ಎದ್ದಿತು. 2022ರಲ್ಲಿ ಕೆಲಸ ಪೂರ್ಣಗೊಂಡಿತು.