ಬಾಲಗೃಹದಿಂದ ಹೊರಬಂದ ಯುವಜನರ ಹಕ್ಕು ಚಳವಳಿ: ಕೊಲ್ಹಾಪುರ ಮತ್ತು ಮಹಾರಾಷ್ಟ್ರ

ಬಾಲಗೃಹ, ಅನಾಥಾಲಯ ಇಲ್ಲವೆ ಪೋಷಕ ಕುಟುಂಬದಲ್ಲಿ ಬೆಳೆದು, 18 ತುಂಬಿದ ಮೇಲೆ ಹೊರಬಿದ್ದವರು ತಮ್ಮಂಥ ಮಕ್ಕಳ ಪರವಾಗಿ ಕಾನೂನು ಮತ್ತು ಸರ್ಕಾರಿ ನೀತಿಯ ಬದಲಾವಣೆಗೆ ನಡೆಸುತ್ತಿರುವ ಹೋರಾಟ. ಮಹಾರಾಷ್ಟ್ರದಲ್ಲಿ ಇದಕ್ಕೆ ದಕ್ಕಿದ ದೊಡ್ಡ ಫಲವೆಂದರೆ ಅನಾಥರಿಗೆ 2018ರಲ್ಲಿ ಸಿಕ್ಕ ಶೇ. 1ರ ಮೀಸಲಾತಿ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಮಕ್ಕಳಿಗೂ ಅದು ಅನ್ವಯಿಸುತ್ತದೆ.

ಈ ಮೀಸಲಾತಿಯ ಹಿಂದೆ ಇದ್ದವರು ಅಮೃತಾ ಕರವಂದೆ. ತೀರ ಚಿಕ್ಕವರಿದ್ದಾಗ ತಂದೆ ಅವರನ್ನು ಗೋವಾದ ಅನಾಥಾಲಯವೊಂದರಲ್ಲಿ ಬಿಟ್ಟುಹೋದರು. 18 ತುಂಬಿದಾಗ ಅಲ್ಲಿಂದ ಹೊರಟು ಪುಣೆಗೆ ಬಂದು, ದುಡಿಯುತ್ತಲೇ ಓದಿ, 2017ರಲ್ಲಿ ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆದರು. ಕೆನೆಪದರಕ್ಕೆ ಸೇರದ ಮಹಿಳೆಯರ ಕಟ್‌ಆಫ್‌ಗಿಂತ ಹೆಚ್ಚು ಅಂಕ ಬಂದಿತ್ತು. ಆದರೆ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರಕ್ಕೆ ಮನೆತನದ ಆದಾಯದ ದಾಖಲೆ ಬೇಕು. ಮನೆತನವೇ ಇಲ್ಲದವರು ಅದನ್ನು ಎಲ್ಲಿಂದ ತರಬೇಕು? ಅವಕಾಶ ಕೈತಪ್ಪಿತು. ಅಮೃತಾ ಅಷ್ಟಕ್ಕೇ ಸುಮ್ಮನಾಗದೆ ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸರನ್ನೇ ಕಂಡು ತಮ್ಮ ಕಥೆ ಹೇಳಿದರು. 2018ರ ಜನವರಿಯಲ್ಲಿ ಸಚಿವ ಸಂಪುಟ ಶಿಕ್ಷಣ ಮತ್ತು ಸರ್ಕಾರಿ ನೌಕರಿಗಳಲ್ಲಿ ಅನಾಥರಿಗೆ ಶೇ. 1 ಮೀಸಲಾತಿ ಒಪ್ಪಿತು. ಏಪ್ರಿಲ್‌ನಲ್ಲಿ ಆದೇಶ ಹೊರಬಿತ್ತು. ಇದಕ್ಕೂ 116 ವರ್ಷ ಮೊದಲು, 1902ರ ಜುಲೈ 26ರಂದು, ಹಿಂದುಳಿದವರಿಗೆ ಸಂಸ್ಥಾನದ ನೌಕರಿಗಳಲ್ಲಿ ಶೇ. 50 ಮೀಸಲಿಟ್ಟ ಆದೇಶ ಕೊಲ್ಹಾಪುರದ ಅರಸ ಶಾಹು ಮಹಾರಾಜರದು. ಆದರೆ ಜಾತಿಯನ್ನು ಆಧಾರವಾಗಿಟ್ಟುಕೊಂಡ ಮೀಸಲಾತಿಗೆ ಜಾತಿ ಗೊತ್ತಿಲ್ಲದ ಮಗು ಕಾಣಿಸುವುದಿಲ್ಲ. ಆ ಕೊರತೆಯನ್ನು ತೋರಿಸಿಕೊಟ್ಟದ್ದು ಅನಾಥಾಲಯದಲ್ಲಿ ಬೆಳೆದ ಹುಡುಗಿಯೇ ಹೊರತು ಯಾವ ತಜ್ಞರ ಸಮಿತಿಯೂ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಬಾಲಗೃಹ ಬಿಟ್ಟವರ ಕಷ್ಟ ಬಹುಪಾಲು ಕಾಗದಪತ್ರದ್ದು. ಅರ್ಜಿಯಲ್ಲಿ ತಂದೆಯ ಹೆಸರಿನ ಅಂಕಣ, ಅದರ ಕೆಳಗೆ ಅಡ್ಡಹೆಸರು, ಜಾತಿ, ಹುಟ್ಟಿದ ಊರು, ಕಾಯಂ ವಿಳಾಸ. ಬಾಲಗೃಹದ ವಿಳಾಸವನ್ನು 18ರವರೆಗೆ ಬರೆಯಬಹುದು, ಆಮೇಲೆ ಅದೂ ಇಲ್ಲ. ವಿಳಾಸವಿಲ್ಲದೆ ರೇಷನ್ ಕಾರ್ಡ್ ಪಡೆಯುವುದು ಕಷ್ಟ. ಕೋಣೆ ಬಾಡಿಗೆಗೆ ಕೇಳಿದರೆ ಮನೆ ಮಾಲೀಕರು ಊರಿನ ಹಿರಿಯರೊಬ್ಬರ ಫೋನ್ ನಂಬರ್ ಕೇಳುತ್ತಾರೆ. ಮೀಸಲಾತಿಗೆ ಬೇಕಾದ ಅನಾಥ ಪ್ರಮಾಣಪತ್ರಕ್ಕೆ ಈ ಹೋರಾಟಗಾರರು ಇಷ್ಟು ಬೆಲೆ ಕೊಡುವುದು ಇದಕ್ಕಾಗಿಯೇ. ಆದರೆ 2018ರಲ್ಲಿ ಅದರ ವ್ಯಾಖ್ಯೆ ತೀರ ಬಿಗಿಯಾಗಿತ್ತು. ತಂದೆ-ತಾಯಿ, ಬಂಧುಗಳು, ಊರು, ಜಾತಿ ಯಾವುದೂ ತಿಳಿಯದವರಷ್ಟೇ ಅದರಡಿ ಬರುತ್ತಿದ್ದರು; ಎಲ್ಲೋ ಒಂದು ಕಡೆ ಜಾತಿ ನಮೂದಾಗಿದ್ದರೆ ಮಗು ಹೊರಗುಳಿಯುತ್ತಿತ್ತು. ಅನಾಥರು ಬೆನ್ನುಬಿಡದೆ ಒತ್ತಾಯಿಸಿದ ಮೇಲೆ 2021ರಲ್ಲಿ ಅ, ಬ, ಕ ಎಂಬ ವರ್ಗಗಳು ಬಂದು ಬಾಗಿಲು ಸ್ವಲ್ಪ ಅಗಲವಾಯಿತು. ಅನಾಥಾಲಯದಲ್ಲೇ ಬೆಳೆದ ಗಾಯತ್ರಿ ಪಾಠಕ, ಸಾಗರ್ ರೆಡ್ಡಿ ಮೊದಲಾದವರು 18 ದಾಟಿದವರ ವಸತಿ, ಓದು, ಉದ್ಯೋಗಕ್ಕಾಗಿ ದುಡಿಯುತ್ತಿದ್ದಾರೆ.

ಕೊಲ್ಹಾಪುರ ಜಿಲ್ಲೆಯ ಪರಿಸ್ಥಿತಿ ಇನ್ನೊಂದು ಬಗೆಯದು. ಬಾಲಗೃಹಗಳಿಗೆ ಬರುವ ಮಕ್ಕಳಲ್ಲಿ ಅನೇಕರಿಗೆ ತಾಯಿಯೋ ತಂದೆಯೋ ಇರುತ್ತಾರೆ. ಇಲ್ಲದಿರುವುದು ಸಾಕುವ ಶಕ್ತಿ. ಕಬ್ಬಿನ ಹಂಗಾಮಿನಲ್ಲಿ ಬೀಡ ಮುಂತಾದ ಕಡೆಗಳಿಂದ ಮುಕಾದಮನ (ಕೂಲಿ ಗುತ್ತಿಗೆದಾರನ) ಮುಂಗಡ ಪಡೆದು ಬರುವ ಗ್ಯಾಂಗುಗಳು, ಇಟ್ಟಂಗಿ ಭಟ್ಟಿಯ ಕೂಲಿಗಳು, ಇಚಲಕರಂಜಿಯ ವಿದ್ಯುತ್ ಮಗ್ಗಗಳಿಗೆ ಹೊರರಾಜ್ಯಗಳಿಂದ ಬಂದವರು, ಇವರ ಮಕ್ಕಳಿಗೆ ಶಾಲೆಯೂ ನೆಲೆಯೂ ಒಟ್ಟೊಟ್ಟಿಗೆ ತಪ್ಪುತ್ತವೆ. ಕೊಲ್ಹಾಪುರದ ‘ಅವನಿ’ ಸಂಸ್ಥೆಯ ಅನುರಾಧಾ ಭೋಸಲೆ ಬಾಲ್ಯದಲ್ಲಿ ತಾವೇ ಬೇರೆಯವರ ಮನೆಯಲ್ಲಿ ಕೆಲಸಕ್ಕಿದ್ದವರು. ಬಾಲಗೃಹ ನಡೆಸುವುದರ ಜೊತೆಗೆ ಭಟ್ಟಿಗಳ ಬಳಿಯೇ ಶಾಲೆ ತೆರೆದು, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಆಡಳಿತವನ್ನು ಎಚ್ಚರಿಸುತ್ತ ಬಂದಿದ್ದಾರೆ. ನಗರದ ಬಾಲಕಲ್ಯಾಣ ಸಂಕುಲವೂ ನಿರಾಶ್ರಿತ ಮಕ್ಕಳನ್ನು ಪೊರೆಯುತ್ತಿರುವ ಹಳೆಯ ಸಂಸ್ಥೆ. ಶಾಹು ಮಹಾರಾಜರು 1901ರಿಂದ ಕಟ್ಟಿಸಿದ ವಿದ್ಯಾರ್ಥಿ ವಸತಿಗೃಹಗಳ ಪರಂಪರೆ ಈ ಊರಿನದು. ಆದರೂ ಬಡ ತಾಯಿಗೆ ತಿಂಗಳಿಗೊಂದಿಷ್ಟು ಹಣ ಸಿಕ್ಕರೆ ಮಗು ಮನೆಯಲ್ಲೇ ಉಳಿಯುತ್ತದೆ ಎಂಬುದು ಒಳಗೆ ಬೆಳೆದು ಬಂದವರ ಗಟ್ಟಿ ಮಾತು. ರಾಜ್ಯದ ಬಾಲಸಂಗೋಪನ ಯೋಜನೆ ಇದೇ ದಾರಿಯದು; ಅದರ ಮಾಸಿಕ ನೆರವು 2023ರಲ್ಲಿ 1,100 ರೂಪಾಯಿಯಿಂದ 2,250ಕ್ಕೆ ಏರಿತು.

2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮು ಪೋಷಕ ಕುಟುಂಬದ ಆರೈಕೆಗೆ ಸಂಬಂಧಿಸಿದ್ದು. 46ನೇ ಕಲಮು 18 ತುಂಬಿ ಹೊರಡುವವರಿಗೆ ಹಣದ ನೆರವು ಕೊಡಲು ಅವಕಾಶ ಮಾಡುತ್ತದೆ, ಕಡ್ಡಾಯ ಮಾಡುವುದಿಲ್ಲ. ಕೇಂದ್ರ ಸರ್ಕಾರದ 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಂತೆ ಅನುಪಾಲನೆಗೆ, ಅಂದರೆ ಹೊರಬಂದ ಮೇಲಿನ ಆಸರೆಗೆ, ತಿಂಗಳಿಗೆ 4,000 ರೂಪಾಯಿ ಕೊಡಬಹುದು. ಸಾಮಾನ್ಯವಾಗಿ 21ರವರೆಗೆ, ಅಗತ್ಯವಿದ್ದರೆ 23ರವರೆಗೆ. ಪ್ರತಿ ಬಾಲಗೃಹದಲ್ಲೂ 6ರಿಂದ 10, 11ರಿಂದ 15, 16ರಿಂದ 18ರ ವಯಸ್ಸಿನವರಿಗೆ ಪ್ರತ್ಯೇಕ ಮಕ್ಕಳ ಸಮಿತಿ ಇರಬೇಕೆಂದು ಆ ಕಾಯ್ದೆಯ 2016ರ ಮಾದರಿ ನಿಯಮಗಳು ಹೇಳುತ್ತವೆ. ಊಟ, ಶಾಲೆ, ಹೊಡೆತದ ಬಗ್ಗೆ ದೂರು ಹೇಳಲು ಮಗು ಕಲಿಯುವುದು ಅಲ್ಲಿಯೇ ಆದ್ದರಿಂದ, ಆ ಸಮಿತಿಗಳು ನಿಜಕ್ಕೂ ಸಭೆ ಸೇರುವುದು ಬಹಳ ಮುಖ್ಯ. ಒಳಗೆ ಬೆಳೆದವರೇ ದನಿ ಎತ್ತಿದಾಗ ಅಮೆರಿಕದಲ್ಲೂ ದಾರಿ ತೆರೆದುಕೊಂಡಿತು. ಪೋಷಕ ಆರೈಕೆಯಲ್ಲಿ ಬೆಳೆದವರು ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ತಮ್ಮದೇ ಸಂಘಟನೆ ಕಟ್ಟಿದರು. 1999ರಲ್ಲಿ, ಆರೈಕೆಯಿಂದ ಹೊರಬೀಳುವ ಯುವಜನರಿಗೆ ನೀಡುವ ಬೆಂಬಲ ಹೆಚ್ಚಿಸುವ ಕೇಂದ್ರ ಕಾಯ್ದೆ ಬಂತು.

ಗಡಿಭಾಗದಲ್ಲಿ ಒಂದು ತೊಡಕು ಹಾಗೇ ಉಳಿದಿದೆ. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದಲ್ಲಿ ಮರಾಠಿಯೊಂದಿಗೆ ಕನ್ನಡವೂ ಮನೆಮಾತು. ಅದೇ ಹೊಳೆ ಮುಂದೆ ಹರಿದು ಕರ್ನಾಟಕದ ಸಂಕೇಶ್ವರಕ್ಕೆ ಬರುತ್ತದೆ. ದುಡಿಮೆಗಾಗಿ ಕುಟುಂಬಗಳು ಗಡಿ ದಾಟುತ್ತಲೇ ಇರುತ್ತವೆ. ಆದರೆ ಮಹಾರಾಷ್ಟ್ರದ ಅನಾಥ ಮೀಸಲಾತಿ ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಹೀಗಾಗಿ ಗಡಿಯ ಯಾವ ಬದಿಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಹಾಜರುಪಡಿಸಲಾಯಿತು, ಯಾವ ರಾಜ್ಯದ ಬಾಲಗೃಹದಲ್ಲಿ ಅದು ಬೆಳೆಯಿತು ಎಂಬುದರ ಮೇಲೆ ಮುಂದಿನ ಸೌಲಭ್ಯಗಳು ನಿಂತಿವೆ.