ಟೆರಿಕಾಟ್ ನಡೆದು ಬಂದ ದಾರಿ

ನಿಮ್ಮ ಶಾಲಾ ಸಮವಸ್ತ್ರದ ಬಟ್ಟೆ ಬಹುಶಃ ಬರೀ ಹತ್ತಿಯದಲ್ಲ. ಪಾಲಿಯೆಸ್ಟರ್ ಶೇಕಡಾ 67, ಹತ್ತಿ ಶೇಕಡಾ 33 ಎಂಬುದು ಇಂಥ ಬಟ್ಟೆಗಳಲ್ಲಿ ಬಹಳ ಕಾಲದಿಂದ ರೂಢಿಯಲ್ಲಿರುವ ಪ್ರಮಾಣ. ಈ ಬೆರಕೆಯ ಹಿಂದೆ ರಸಾಯನಶಾಸ್ತ್ರವಿದೆ, ನಿಜ. ಆದರೆ ನಮ್ಮ ದೇಶದಲ್ಲಿ ಇದನ್ನು ಯಾರು ತೊಡಬೇಕು, ಯಾರು ನೇಯಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಸರ್ಕಾರದ ತೆರಿಗೆ ಮತ್ತು ನೀತಿ.

ಪಾಲಿಯೆಸ್ಟರ್ ಎಳೆಯನ್ನು 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದರು. ಅಲ್ಲಿ ಅದು ಟೆರಿಲೀನ್ ಎನಿಸಿತು. 1960ರ ದಶಕದಲ್ಲಿ ಭಾರತದಲ್ಲೇ ತಯಾರಾಗತೊಡಗಿದಾಗ ಟೆರೀನ್ ಆಯಿತು. ಹತ್ತಿಯೊಡನೆ ಬೆರೆತದ್ದು ಜನರ ಬಾಯಲ್ಲಿ ಟೆರಿಕಾಟ್.

ಬೆರೆಸುವುದೇಕೆ? ಹತ್ತಿ ತನ್ನ ತೂಕದ ಶೇಕಡಾ 7ರಿಂದ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರುತ್ತದೆ. ಪಾಲಿಯೆಸ್ಟರ್ ಹೀರುವುದು ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ಒಂದು ಬೆವರಿಗೆ ಹಿತ, ಇನ್ನೊಂದು ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ. (ಸ್ಟುಡಿಯೋ ದೀಪಗಳ ಕೆಳಗೆ ಅಪ್ಪಟ ಪಾಲಿಯೆಸ್ಟರ್ ಅಂಗಿ ತೊಟ್ಟು ಕೂತ ಅತಿಥಿಗಳ ಪಾಡನ್ನು ನಾನು ಬಲ್ಲೆ!) ಪಾಲಿಯೆಸ್ಟರನ್ನು ಹತ್ತಿಯ ಎಳೆಯಷ್ಟೇ ಉದ್ದಕ್ಕೆ, ಅಂದರೆ ಸುಮಾರು 38 ಮಿಲಿಮೀಟರಿಗೆ ಕತ್ತರಿಸಿದ್ದು ಜಾಣ ಉಪಾಯ. ಹತ್ತಿ ಗಿರಣಿಯ ಹಳೆಯ ಯಂತ್ರಗಳಲ್ಲೇ ಬೆರಕೆ ನೂಲನ್ನು ತೆಗೆಯುವುದು ಇದರಿಂದ ಸಾಧ್ಯವಾಯಿತು. ಬಣ್ಣ ಹಾಕುವುದು ಮಾತ್ರ ಇಮ್ಮಡಿ ಕೆಲಸ. ಒಂದು ಎಳೆ ಹಿಡಿಯುವ ಬಣ್ಣವನ್ನು ಇನ್ನೊಂದು ಹಿಡಿಯದು.

ಸರ್ಕಾರ ಬಹುಕಾಲ ಕೃತಕ ನಾರನ್ನು ಸಿರಿವಂತರ ಭೋಗವಸ್ತುವೆಂದೇ ಎಣಿಸಿ ಭಾರಿ ಅಬಕಾರಿ ಸುಂಕ ಹೇರಿತು. ಇದು ಅಷ್ಟೇನೂ ಸರಿಯಾದ ಎಣಿಕೆಯಾಗಿರಲಿಲ್ಲ. ಹೆಚ್ಚು ಬಾಳುವ ಬಟ್ಟೆ ಬೇಕಾಗಿದ್ದುದು ವರ್ಷಕ್ಕೆ ಎರಡೇ ಅಂಗಿ ಹೊಲಿಸುವ ಬಡವನಿಗೆ. 1985ರ ಜವಳಿ ನೀತಿ ಈ ಮಾತನ್ನು ಒಪ್ಪಿತು. ಯಾವ ನಾರನ್ನಾದರೂ ಬೆರೆಸುವ ಸ್ವಾತಂತ್ರ್ಯ ಗಿರಣಿಗಳಿಗೆ ದೊರೆಯಿತು, ಸುಂಕವೂ ಇಳಿಯತೊಡಗಿತು.

ಆದರೆ ಅಷ್ಟರಲ್ಲಿ ನೇಯ್ಗೆಯೇ ಗಿರಣಿಗಳ ಕೈತಪ್ಪುತ್ತಿತ್ತು. 1982ರ ಜನವರಿಯಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅನೇಕರಿಗೆ ಕೆಲಸ ಮರಳಿ ಸಿಗಲೇ ಇಲ್ಲ. ಭಿವಂಡಿಯಂಥ ಊರುಗಳ ವಿದ್ಯುತ್ ಮಗ್ಗಗಳು ಕಡಿಮೆ ಕೂಲಿಯಲ್ಲಿ ನೇಯ್ದು ಮಾರುಕಟ್ಟೆ ತುಂಬಿದವು. ಕೊಳ್ಳುವವನಿಗೆ ದಕ್ಕಿದ ಅಗ್ಗದ ಬೆಲೆಯಲ್ಲಿ ಈ ಕೂಲಿಯ ಪಾಲೂ ಇತ್ತು.

ಕೈಮಗ್ಗದವರ ರಕ್ಷಣೆಗೆಂದು ಸೀರೆ, ಪಂಚೆ ಮೊದಲಾದ ಕೆಲವು ಬಟ್ಟೆಗಳನ್ನು ಅವರಿಗೇ ಮೀಸಲಿಟ್ಟ ಕಾಯ್ದೆ ಬಂದದ್ದೂ 1985ರಲ್ಲೇ. ವಿದ್ಯುತ್ ಮಗ್ಗದ ಮಾಲೀಕರು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದದ್ದು 1993ರಲ್ಲಿ. ಆ ಎಂಟು ವರ್ಷಗಳಲ್ಲಿ ಮಗ್ಗಗಳು ಕಾಯುತ್ತ ಕೂರಲಿಲ್ಲ.